ಏಳನೇ ಹಸಿರು

ಜೂನ್ ೩೦, ೨೦೨೫, ಸೋಮವಾರ

ಬೇತಮಂಗಲದಲ್ಲಿ ಇವತ್ತು ರೈತರ ಸಭೆ. ಹೋಗುವ ಮನಸ್ಸಿರಲಿಲ್ಲ. ಷಡ್ಡಕ ಸೀನಪ್ಪ ಹೊರಟಿದ್ದಾನೆಂದು ತಿಳಿದ ಮೇಲೆ ನಾನೂ ಬಸ್ಸು ಹತ್ತಿದೆ. ಅವನ ಹೆಂಡತಿ ಸುಮಲತ ನನ್ನ ಹೆಂಡತಿ ರತ್ನಳ ತಂಗಿ. ಒಂದೇ ಮನೆಯ ಇಬ್ಬರು ಅಳಿಯಂದಿರು, ಒಂದೇ ಬದುವಿನ ಆಚೆ ಈಚೆ ಹೊಲ. ಎರಡು ಮನೆಗಳ ನಡುವೆ ಹೋಗಿಬರುವುದು ನಿಲ್ಲಲು ಇಷ್ಟು ಧಾರಾಳವಾಗಿ ಸಾಕಾಯಿತು.

ಸಭೆಯಲ್ಲಿ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಅದರ ಮೇಲೆ ಸಾಲಾಗಿ ಆರು ಹಸಿರು ಬಣ್ಣ. ಒಂದನೆಯದು ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿದೆ, ಆರನೆಯದು ಕಪ್ಪಿಗೆ ಹತ್ತಿರ. ಜೋಳದ ಎಲೆಯನ್ನು ಪಟ್ಟಿಗೆ ಹಿಡಿದು ನೋಡಬೇಕಂತೆ. ನಾಲ್ಕಕ್ಕಿಂತ ತಿಳಿಯಾಗಿದ್ದರೆ ಯೂರಿಯಾ ಕೊಡಬೇಕು, ನಾಲ್ಕು ಬಂದಿದ್ದರೆ ಸುಮ್ಮನಿರಬೇಕು ಎಂದು ಕೃಷಿ ಅಧಿಕಾರಿ ಹೇಳಿದರು.

ಸುಮ್ಮನಿರಬೇಕಂತೆ! ಕೆ.ಜಿ.ಎಫ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತನಾದವನು ನಾನು. ಆರಕ್ಕೆ ನಾಲ್ಕು ತೆಗೆದುಕೊಂಡು ಸುಮ್ಮನಿರು ಎಂದು ಯಾವ ಮೇಷ್ಟ್ರು ಹೇಳುತ್ತಾರೆ? ಆರು ಮನೆ ಮಾಡಿದ್ದಾರೆಂದರೆ ಆರನೆಯದನ್ನು ಮುಟ್ಟಲಿ ಎಂದೇ ತಾನೆ. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಬಾಯಿತಪ್ಪಿ ಹೇಳಿರಬೇಕು.

ಊರಿನ ಯುವಕ ಸಂಘದ ಬಾಲಾಜಿ ಅಲ್ಲೇ ಎದ್ದು ನಿಂತು ಘೋಷಣೆ ಮಾಡಿದ. ಗಣೇಶನ ಹಬ್ಬಕ್ಕೆ ಮೇವಿನ ಜೋಳದ ಹೊಲಗಳಿಗೆ ಹಸಿರು ಸ್ಪರ್ಧೆ. ಪಟ್ಟಿ ಹಿಡಿದು ತೀರ್ಪು. ಗೆದ್ದವನಿಗೆ ಕಪ್, ಶಾಲು, ಮತ್ತು ಹೊಲದಲ್ಲಿ ನೆಡಲು ‘ಆದರ್ಶ ರೈತ’ ಎಂಬ ಬೋರ್ಡು. ಸೀನಪ್ಪ ನನ್ನ ಕಡೆ ತಿರುಗಿ ನಕ್ಕ. ಆ ಬೋರ್ಡು ಅವನ ಹೊಲದಲ್ಲಿ ನಿಂತರೆ ದಿನಾ ಬೆಳಿಗ್ಗೆ ನಾನು ಅದನ್ನು ಓದಬೇಕಾಗುತ್ತದೆ. ಅದೊಂದು ಆಗಬಾರದು.

ಜುಲೈ ೯, ಬುಧವಾರ

ಪಟ್ಟಿ ಹಿಡಿಯುವುದಕ್ಕೂ ಕ್ರಮವಿದೆ. ಎಲೆಯ ಮೇಲೆ ಬಿಸಿಲು ಬೀಳಬಾರದು. ಸೂರ್ಯನಿಗೆ ಬೆನ್ನು ಮಾಡಿ, ನಮ್ಮ ಮೈ ನೆರಳು ಎಲೆಗೆ ಬೀಳುವ ಹಾಗೆ ಬಗ್ಗಿ ನಿಲ್ಲಬೇಕು. ಬೆಳಗಿನ ಹೊತ್ತೇ ಆಗಬೇಕು. ಹೀಗಾಗಿ ಊರಿನ ಗಂಡಸರೆಲ್ಲ ಒಂದೇ ಹೊತ್ತಿನಲ್ಲಿ ಒಂದೇ ದಿಕ್ಕಿಗೆ ಬಗ್ಗಿ ನಿಂತಿರುತ್ತೇವೆ.

ಕೆ.ಜಿ.ಎಫ್ ಬಸ್ಸಿನ ಕಂಡಕ್ಟರ್ ಇವತ್ತು ಕಿಟಕಿಯಿಂದ ತಲೆ ಹಾಕಿ, “ಏನ್ರಪ್ಪಾ, ಊರಿಗೆಲ್ಲಾ ಒಟ್ಗೇ ಬೇದಿನಾ?” ಎಂದು ಕೂಗಿದ. “ಇಲ್ಲಪ್ಪಾ, ಅಳೀತಾ ಇದೀವಿ” ಎಂದು ನಾನು ಕೂಗಿ ಹೇಳಿದೆ. ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಞಾನಿಗಳು.

ನನ್ನ ಹೊಲ ನಾಲ್ಕು. ಆದರೂ ಒಂದು ಸಲ ಯೂರಿಯಾ ಎರಚಿ ಬಂದೆ.

ಇವಳಿಗೆ ಪಟ್ಟಿಯೂ ಬೇಡ ಕಪ್ಪೂ ಬೇಡ. ಹಸಿರು ಮೇವು ಇದ್ದರೆ ಸಾಕು, ಮೇರಿಗೆ ಹಾಕಲು. ಮೇರಿ ನಮ್ಮ ಹಸು. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯವರೊಬ್ಬರಿಂದ ಹಿಡಿದುಕೊಂಡು ಬಂದದ್ದು, ತಮಿಳು ಬಿಟ್ಟರೆ ಬೇರೇನೂ ತಿಳಿಯದು. “ಬಾ” ಎಂದರೆ ಗೋಡೆ ನೋಡುತ್ತದೆ. “ವಾ ಕಣ್ಣು” ಎಂದರೆ ಹಗ್ಗ ಎಳೆದುಕೊಂಡು ಬರುತ್ತದೆ. ಹಸುವಿನ ಸಲುವಾಗಿ ಇವಳು ತಮಿಳು ಕಲಿತಳು. ನನಗೆ ಕಾರ್ಖಾನೆಯ ಕಾಲದಿಂದಲೂ ತಮಿಳು ಚೆನ್ನಾಗಿಯೇ ಬರುತ್ತದೆ, ಆದರೆ ನನ್ನ ಕೊಟ್ಟಿಗೆಯಲ್ಲಿ ನಿಂತು ನನ್ನ ಹಸುವಿಗೆ ನಾನು ತಮಿಳು ಮಾತಾಡುವವನಲ್ಲ. ಬೇಕಾದರೆ ಅದೇ ಕನ್ನಡ ಕಲಿಯಲಿ. ಈಗ ಮೇರಿ ಗಬ್ಬವಾಗಿದೆ. ಇವಳು ಹೆಣ್ಣು ಕರುವೇ ಆಗಲೆಂದು ಕಂಡ ಕಂಡ ದೇವರಿಗೆ ಹೇಳಿಕೊಂಡು ತಿರುಗುತ್ತಿದ್ದಾಳೆ.

ಜುಲೈ ೧೭, ಗುರುವಾರ

ಬಂಗಾರಪೇಟೆಯ ಶ್ರೀಧರನ ಗೊಬ್ಬರದಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಯೂರಿಯಾ. ನನ್ನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಮೂವತ್ತು ವರ್ಷ ಕಬ್ಬಿಣ ಸವರಿ ಸವರಿ ಗೆರೆಗಳೇ ಸವೆದಿವೆ. ನಾನು ನಾನೇ ಎಂಬುದಕ್ಕೆ ಆ ಯಂತ್ರದ ದೃಷ್ಟಿಯಲ್ಲಿ ಯಾವ ಆಧಾರವೂ ಇಲ್ಲ.

ಆದ್ದರಿಂದ ಅತ್ತೆ ಅಮ್ಮಾಜಮ್ಮನವರನ್ನು ಕರೆದುಕೊಂಡು ಬರಲು ಹೋದೆ. ಅಷ್ಟರಲ್ಲಿ ಸೀನಪ್ಪ ಅವರ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದ. ಅವನೂ ಹೆಬ್ಬೆಟ್ಟಿಗೇ ಬಂದವನು. ಅತ್ತೆ ಇಬ್ಬರನ್ನೂ ನೋಡಿ, “ಜಗಳ ಯಾಕ್ರಪ್ಪಾ? ಬಲಗೈದು ದೊಡ್ಡಳಿಯಂಗೆ, ಎಡಗೈದು ಸಣ್ಣಳಿಯಂಗೆ. ನಡೀರಿ” ಎಂದರು.

ಶ್ರೀಧರ ಒಪ್ಪಲಿಲ್ಲ. “ಎರಡು ಹೆಬ್ಬೆಟ್ಟು ಇದ್ರೂ ಅಜ್ಜಿ ಒಬ್ರೇ ಅಲ್ವಾ ಸಾರ್” ಎಂದ. ಬಂದ ಮೂಟೆಗಳನ್ನು ಅಂಗಡಿ ಬಾಗಿಲಲ್ಲೇ ಪಾಲು ಮಾಡಿಕೊಂಡೆವು. ಒಂದೇ ಆಟೋ. ಮೂಟೆಗಳ ಮೇಲೆ ಅತ್ತೆ ಮಹಾರಾಣಿಯಂತೆ ಕೂತಿದ್ದರು, ಆಚೆಗೊಬ್ಬ ಈಚೆಗೊಬ್ಬ ನಾವು ಜೋತಾಡುತ್ತಿದ್ದೆವು. ಊರು ಬರುವವರೆಗೂ ನಾನು ಅವನ ಹತ್ತಿರ ಒಂದು ಮಾತೂ ಆಡಲಿಲ್ಲ.

ಜುಲೈ ೨೬, ಶನಿವಾರ

ಐದು!

ಊರಿನಲ್ಲಿ ಈಗ ಯಾರೂ ಆರೋಗ್ಯ ವಿಚಾರಿಸುವುದಿಲ್ಲ. “ನಿಂದೆಷ್ಟು?” ಎನ್ನುತ್ತಾರೆ. ಬಂಗಾರಪೇಟೆಯಲ್ಲಿ ಗೃಹಪ್ರವೇಶದ ಊಟಕ್ಕೆ ಹೋದರೆ ಎಲೆಯ ಮುಂದೆ ಕೂತವರು ಬಾಳೆ ಎಲೆಗೇ ಪಟ್ಟಿ ಹಿಡಿದು, “ಮೂರೂ ಇಲ್ಲ ಕಣಯ್ಯಾ, ಯಾವೋನು ಬೆಳ್ದಿದ್ದು ಇದ್ನ?” ಎಂದು ಬಡಿಸುವವನನ್ನು ತರಾಟೆಗೆ ತೆಗೆದುಕೊಂಡರು. ನಾಲ್ಕು ಬಂದವರು ಪಂಕ್ತಿಯ ಕೊನೆಗೆ ಹೋಗಿ ಕೂತಿದ್ದರು. ನಾನು ಮಧ್ಯದಲ್ಲಿ ಕೂತೆ.

ಸೀನಪ್ಪನದೂ ಐದು. ಬದುವಿನಲ್ಲಿ ನಿಂತು ನೋಡಿದೆ. ನನಗೇನೋ ನಾಲ್ಕೂವರೆಯ ಹಾಗೆ ಕಾಣಿಸಿತು.

ಆಗಸ್ಟ್ ೪, ಸೋಮವಾರ

ಆರು ಮುಟ್ಟಿ ಮೂರು ದಿನವಾಯಿತು. ಸಂತೋಷ ಒಂದು ದಿನವೂ ಉಳಿಯಲಿಲ್ಲ, ಏಕೆಂದರೆ ಸೀನಪ್ಪನೂ ಆರು ಮುಟ್ಟಿದ್ದಾನೆ. ನನ್ನ ಹೊಲ ಅವನದಕ್ಕಿಂತ ಕಪ್ಪಾಗಿರುವುದು ಕುರುಡನಿಗೂ ಕಾಣುತ್ತದೆ. ಆದರೆ ಪಟ್ಟಿ ಆರಕ್ಕೇ ಮುಗಿದುಹೋಗುತ್ತದೆ! ಅಳೆಯುವ ಸಾಮಾನು ಅಳೆಯಬೇಕಾದ ವಸ್ತುವಿಗಿಂತ ಗಿಡ್ಡವಾಗಿದ್ದರೆ ತಪ್ಪು ವಸ್ತುವಿನದಲ್ಲ.

ಜೋಳದ ಎಲೆ ಕಿತ್ತುಕೊಂಡು ಬಂಗಾರಪೇಟೆಯ ಪೇಂಟ್ ಅಂಗಡಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಯಾವ ಬಣ್ಣ ತೋರಿಸಿದರೂ ಅದನ್ನೇ ಕಲಸಿ ಕೊಡುತ್ತದೆ.

“ಒಳಗೋಡೆಗಾ ಒರಗೋಡೆಗಾ?” ಎಂದ ಅಂಗಡಿಯವನು.

“ಜೋಳಕ್ಕೆ.”

ಅವನು ಎಲೆಯನ್ನೂ ನನ್ನನ್ನೂ ನೋಡಿದ. ಆಮೇಲೆ, “ಮಳೆಗೆ ತಡೆಯೋ ಅಂಥಾದ್ದೇ ಕೊಡ್ತೀನಿ ಬಿಡಿ” ಎಂದ. ಪಟ್ಟಿಯ ತುದಿಗೆ ಪ್ಲಾಸ್ಟಿಕ್ ತುಂಡು ಅಂಟಿಸಿ ಏಳನೇ ಹಸಿರು ಬಳಿದೆ. ಕೈಕೆಲಸ ಎಂದು ಯಾರೂ ಹೇಳಲಾರರು. ಉಳಿದ ಬಣ್ಣವನ್ನು ದಂಡ ಮಾಡುವುದೇಕೆಂದು ಕೊಟ್ಟಿಗೆಯ ಕಂಬಗಳಿಗೆ ಹಚ್ಚಿದೆ. ಮೇರಿ ಮೂಸಿ ನೋಡಿ ಸೀನಿತು.

ಆಗಸ್ಟ್ ೭, ಗುರುವಾರ

ಯುವಕ ಸಂಘದ ತುರ್ತು ಸಭೆ. ಏಳನೇ ಹಸಿರು ಸಿಂಧುವೋ ಅಲ್ಲವೋ?

ಸೀನಪ್ಪ ಎದ್ದು, “ಇದೇನ್ ಸರ್ಕಾರ ಕೊಟ್ಟಿದ್ದಾ? ಇವ್ನು ಗೋಡೆಗೆ ಒಡ್ಯೋ ಬಣ್ಣ ತಂದು ಮೆತ್ತವ್ನೆ” ಎಂದ. ನಾನು ಗುಣಮಟ್ಟ ತಪಾಸಣೆಯ ತತ್ವಗಳನ್ನು ವಿವರವಾಗಿ ಹೇಳಿದೆ. ಅರ್ಧ ಜನ ಎದ್ದು ಹೋದರು. ಉಳಿದವರು ಬೇಗ ಮನೆಗೆ ಹೋಗಬೇಕೆಂದು ಒಪ್ಪಿಕೊಂಡರು. ಏಳು ಸಿಂಧು ಎಂದು ಬಾಲಾಜಿ ತೀರ್ಪು ಕೊಟ್ಟ. ಆ ಕ್ಷಣವೇ ಸೀನಪ್ಪ ಜೇಬಿನಿಂದ ತನ್ನ ಪಟ್ಟಿ ತೆಗೆದ. ಅದರಲ್ಲಿ ಎಂಟನೆಯದೂ ಇತ್ತು! ಅದೇ ಅಂಗಡಿ, ಅದೇ ಡಬ್ಬ, ಸ್ವಲ್ಪ ಕಪ್ಪು ಜಾಸ್ತಿ.

ಎಂಟೂ ಸಿಂಧು ಎಂದಾಯಿತು. ಸಂಜೆ ಊಟ ಸೇರಲಿಲ್ಲ.

ಆಗಸ್ಟ್ ೧೧, ಸೋಮವಾರ

ಮಳೆ ಕೈಕೊಟ್ಟು ಹೊಲ ಬಾಡಿತ್ತು, ನಿನ್ನೆ ಒಂದು ಹದ ಬಿತ್ತು. ಈಗ ಮೋಡ ಮುಚ್ಚಿಕೊಂಡು ಕೂತಿದೆ. ಒಳ್ಳೆಯ ಸಮಯವೆಂದು ಉಳಿದ ಯೂರಿಯಾವನ್ನೆಲ್ಲ ಎರಚಿಬಿಟ್ಟೆ. ನೆಲ ಯಾಕೋ ಗಟ್ಟಿಯಾಗಿದೆ, ಕಾಲಿಟ್ಟರೆ ಸಿಮೆಂಟು ತುಳಿದ ಹಾಗೆ. ಅದಕ್ಕೆ ಪಟ್ಟಿಯಲ್ಲಿ ಅಂಕವಿಲ್ಲ, ಬಿಟ್ಟೆ.

ಇವಳು ಕುಡುಗೋಲು ಹಿಡಿದು ಬಂದು ಬದುವಿನಲ್ಲಿ ನಿಂತಳು.

“ಮೇರಿಗೊಂದೊರೆ ಕುಯ್ಕಂತೀನಿ.”

“ಸ್ಪರ್ಧೆ ಮುಗಿಯೋ ತನ್ಕ ಒಂದೆಲೆ ಮುಟ್ಬೇಡ.”

“ಬಸ್ರಿ ಅಸು ರೀ ಅದು. ಇಂಥಾ ಅಸ್ರು ಇಟ್ಕೊಂಡು ಒಣ್ಗಿದ್ದು ತಿನ್ಸೋಕಾಯ್ತದಾ?”

ಕೊನೆಗೆ ಹಿಂದಿನ ಮೂಲೆಯಲ್ಲಿ, ತೀರ್ಪುಗಾರರಿಗೆ ಕಾಣದ ಕಡೆ ಕುಯ್ದುಕೊಳ್ಳಲು ಒಪ್ಪಿದೆ. ಬುಡಸಮೇತ ಕುಯ್ಯಿ, ಕೂಳೆ ಕಂಡರೆ ಅಂದ ಕೆಡುತ್ತದೆ ಎಂದೆ.

ಆಗಸ್ಟ್ ೧೩, ಬುಧವಾರ

ಬೆಳಿಗ್ಗೆ ಮೇವು ಹಾಕಿ ಸ್ವಲ್ಪ ಹೊತ್ತಾದ ಮೇಲೆ ಇವಳು ಕೂಗಿಕೊಂಡ ಶಬ್ದ ಕೇಳಿತು. ಓಡಿಹೋದೆ. ಮೇರಿ ಕುಡಿದವರ ಹಾಗೆ ತೂರಾಡುತ್ತಿತ್ತು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನೋಡುತ್ತಿದ್ದಂತೆ ಮುಂಗಾಲು ಮಡಚಿ ಬಿದ್ದುಬಿಟ್ಟಿತು. ವಸಡು ಕಂದುಬಣ್ಣಕ್ಕೆ ತಿರುಗಿತ್ತು.

ಬೇತಮಂಗಲದಿಂದ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಲಿಖಿತ ಎಂದು ಹೆಸರು, ಹೊಸಬರು. ಕಿವಿಗೆ ಸೂಜಿ ಚುಚ್ಚಿ ರಕ್ತ ನೋಡಿದರು. ನಶ್ಯದ ಬಣ್ಣ.

“ಏನ್ ತಿನ್ಸಿದ್ರಿ?”

“ಏಳನೇ ನಂಬರ್ ಮೇಡಂ” ಎಂದೆ. ಅಂಥ ಹೊತ್ತಿನಲ್ಲೂ ನನ್ನ ದನಿಯಲ್ಲಿ ಹೆಮ್ಮೆಯಿತ್ತೆಂದು ಬರೆಯಲೇಬೇಕು. ಅವರಿಗೆ ಅರ್ಥವಾಗಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಯಾವಾಗ ಯೂರಿಯಾ ಹಾಕಿದಿರಿ, ಎಷ್ಟು ಸಲ ಹಾಕಿದಿರಿ ಎಂದು ಕೇಳಿದರು. ಹೇಳಿದೆ. ತಲೆ ಮೇಲೆ ಕೈಯಿಟ್ಟುಕೊಂಡರು.

ಗಿಡ ಬೇಕಾದ್ದಕ್ಕಿಂತ ಜಾಸ್ತಿ ಸಾರಜನಕ ಕುಡಿದುಬಿಟ್ಟಿದೆಯಂತೆ. ಮಳೆಯಿಲ್ಲದೆ ಬಾಡಿ, ಆಮೇಲೆ ಮೋಡ ಮುಚ್ಚಿದ್ದರಿಂದ ಅದನ್ನು ಅರಗಿಸಿಕೊಳ್ಳಲಾರದೆ ದಂಟಿನಲ್ಲೇ ಇಟ್ಟುಕೊಂಡಿದೆಯಂತೆ, ಬುಡದಲ್ಲಿ ಎಲ್ಲಕ್ಕಿಂತ ಹೆಚ್ಚು. ಅದು ಹಸುವಿನ ಹೊಟ್ಟೆಗೆ ಹೋದರೆ ರಕ್ತ ಉಸಿರು ಹೊರುವುದನ್ನೇ ಬಿಟ್ಟುಬಿಡುತ್ತದೆಯಂತೆ. ಒಣಗಿಸಿ ಹಾಕಿದರೂ ವಿಷ ಹೋಗುವುದಿಲ್ಲ, ಈ ಹೊಲದ ಒಂದು ಕಡ್ಡಿಯನ್ನೂ ದನಕ್ಕೆ ಹಾಕಬೇಡಿ ಎಂದರು.

ನೀಲಿ ಬಣ್ಣದ ಔಷಧಿಯನ್ನು ನರಕ್ಕೆ ಕೊಟ್ಟರು. ಇವಳು ತಲೆಯ ಹತ್ತಿರ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹಸು ಏಳಬೇಕು, ಏಳಿಸಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ನಾನು ಅದರ ಕುತ್ತಿಗೆ ತಬ್ಬಿಕೊಂಡು, “ಎಂದಿರಿ ಕಣ್ಣು, ಎಂದಿರಿಮ್ಮಾ” ಎಂದೆ. ಏಳು, ಏಳು ಎಂದು ಸುಮಾರು ಹೊತ್ತು ಹೇಳುತ್ತಲೇ ಇದ್ದಿರಬೇಕು. ಮಧ್ಯಾಹ್ನದ ಹೊತ್ತಿಗೆ ಮೇರಿ ಎದ್ದು ನಿಂತಿತು. ಡಾಕ್ಟರು ನನ್ನನ್ನು, “ನೀವು ತಮಿಳರಾ ಸಾರ್?” ಎಂದು ಕೇಳಿದರು. ಯಾಕೆ ಕೇಳಿದರೋ.

ಆಗಸ್ಟ್ ೧೫, ಶುಕ್ರವಾರ

ಧ್ವಜಾರೋಹಣ ಮುಗಿಸಿ ಊರಿಗೆ ಊರೇ ನಮ್ಮ ಕೊಟ್ಟಿಗೆಗೆ ಬಂತು. ಔಷಧಿಯ ದೆಸೆಯಿಂದ ಮೇರಿಯ ಗಂಜಲ ಹಸಿರುನೀಲಿಯಾಗಿದೆ. ಎಲ್ಲರಿಗೂ ಅದನ್ನು ನೋಡಬೇಕು. ಜೇಬಿಗೆ ಬಾವುಟ ಚುಚ್ಚಿಕೊಂಡವರು, ಕೈಯಲ್ಲಿ ಮಿಠಾಯಿ ಹಿಡಿದವರು, ಎಲ್ಲರೂ ಉಸಿರು ಬಿಗಿಹಿಡಿದು ಹಸುವಿನ ಹಿಂದೆ ಕಾಯುತ್ತಾ ನಿಂತರು. ಮೇರಿ ನಿರಾಸೆಪಡಿಸಲಿಲ್ಲ. ಚಪ್ಪಾಳೆ ಬಿತ್ತು.

ಬಾಲಾಜಿ ಬಗ್ಗಿ ಪಟ್ಟಿ ಹಿಡಿದ. “ಎಂಟು!” ಎಂದು ಕೂಗಿದ. ಸೀನಪ್ಪ ಗುಂಪಿನ ಹಿಂದಿನಿಂದಲೇ, “ಅದು ಬೆಳೆ ಅಲ್ಲ, ಲೆಕ್ಕಕ್ಕಿಲ್ಲ!” ಎಂದು ಆಕ್ಷೇಪಣೆ ಎತ್ತಿದ. ಯಾರೋ ಒಬ್ಬರು ಬಾಟಲಿ ತಂದು, ಟೊಮೇಟೊಗೆ ಹೊಡೆದರೆ ಹೇಗೆ ಎಂದು ಕೇಳಿದರು.

ಹಸು ಬಿದ್ದದ್ದೇಕೆಂದು ಊರಿನಲ್ಲಿ ಎರಡು ಅಭಿಪ್ರಾಯ. ಕೋರಮಂಡಲ್‌ನ ಚಿನ್ನದ ಗಣಿಯ ಸೈನೈಡ್ ಮಣ್ಣಿನ ಗುಡ್ಡದ ಕೆಳಗೆ ಬೆಳೆದ ಹಸು, ಆ ದೂಳು ಈಗ ಕೆಲಸ ಮಾಡಿತು ಎಂದು ಕೆಲವರು. ನಾನು ಕಂಬಕ್ಕೆ ಹಚ್ಚಿದ ಬಣ್ಣವನ್ನು ನೆಕ್ಕಿತು ಎಂದು ಸೀನಪ್ಪ. ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ಹಸಿರಾಗಿರುವುದು ವಿಷವಾಗುವುದು ಹೇಗೆ ಎಂದು ನಕ್ಕರು. ಒಂದು ತಿಂಗಳ ಹಿಂದೆ ನಾನೂ ನಗುತ್ತಿದ್ದೆ.

ಆಗಸ್ಟ್ ೨೧, ಗುರುವಾರ

ಬೆಳಿಗ್ಗೆ ಮೇರಿ ಕರು ಹಾಕಿತು. ದಿನ ತುಂಬಿರಲಿಲ್ಲ. ಜೀವ ಇರಲಿಲ್ಲ. ಹೆಣ್ಣು.

ಹಿತ್ತಲಲ್ಲಿ ಗುಂಡಿ ತೋಡಿದೆ. ರತ್ನ ತನ್ನ ಹಳೆಯ ಸೀರೆಯಲ್ಲಿ ಸುತ್ತಿ ತಂದುಕೊಟ್ಟಳು. ನನ್ನ ಮುಖ ನೋಡಲಿಲ್ಲ.

ಆಗಸ್ಟ್ ೨೪, ಭಾನುವಾರ

ರತ್ನ ನನ್ನೊಂದಿಗೆ ಮಾತಾಡುವುದಿಲ್ಲ. ತಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ. ಕೊಟ್ಟಿಗೆಯಲ್ಲಿ ಮಾತ್ರ ಅವಳ ದನಿ ಕೇಳುತ್ತದೆ. ಮೇರಿ ಕರುವನ್ನು ಹುಡುಕಿ ಕೂಗುತ್ತದೆ, ಇವಳು ಅದಕ್ಕೆ ತಮಿಳಿನಲ್ಲಿ ಏನೋ ಸಮಾಧಾನ ಹೇಳುತ್ತಾಳೆ. ನಾನು ಗೋಡೆಯ ಈಚೆ ಕೂತು ಕೇಳುತ್ತೇನೆ. ನನಗೆ ಹೇಳುವುದು ಏನಾದರೂ ಅದರಲ್ಲಿ ಇದೆಯೇನೋ ಎಂದು.

ಹೊಲಕ್ಕೆ ಹೋಗಲಿಲ್ಲ. ಏಳು ಹಾಗೇ ಇದೆ ಎಂದು ಬಾಲಾಜಿ ಫೋನ್ ಮಾಡಿ ಹೇಳಿದ.

ಆಗಸ್ಟ್ ೨೮, ಗುರುವಾರ

ನಿನ್ನೆ ಗಣೇಶನನ್ನು ಕೂರಿಸಿದರು. ಭಾನುವಾರ ಸ್ಪರ್ಧೆ. ಇವತ್ತು ಸೀನಪ್ಪನ ಹಸು ಈದಿದೆಯಂತೆ. ಬಾಣಂತಿ ಹಸುವಿಗೆ ಒಳ್ಳೆಯ ಹಸಿರು ಮೇವು ಹಾಕುವುದು ನಮ್ಮ ಕಡೆಯ ವಾಡಿಕೆ. ಸ್ಪರ್ಧೆಗೆಂದು ಅವನು ಇದುವರೆಗೂ ಹೊಲಕ್ಕೆ ಕುಡುಗೋಲು ಇಟ್ಟಿಲ್ಲ. ಭಾನುವಾರ ಸಂಜೆ ಇಟ್ಟೇ ಇಡುತ್ತಾನೆ.

ಚಪ್ಪಲಿ ಮೆಟ್ಟಿಕೊಂಡು ಅವನ ಮನೆಗೆ ಹೋದೆ. ಆ ಹೊಸ್ತಿಲು ತುಳಿದು ಮೂರು ವರ್ಷವಾಗಿತ್ತು. ಸುಮಲತ, “ಬನ್ನಿ ಬಾವ” ಎಂದು ಚಾಪೆ ಹಾಕಿದಳು. ನಾನು ನಿಂತೇ ಹೇಳಿದೆ.

“ಸೀನ, ಆ ಜೋಳ ಅಸೂಗೆ ಆಕ್ಬೇಡ. ಡಾಕ್ಟ್ರು ಯೋಳವ್ರೆ. ನನ್ ಕರ ಓದಂಗೆ ನಿನ್ ಅಸು ಓಯ್ತದೆ.”

ಅವನು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಕೇಳಿಸಿಕೊಂಡ. “ಗೊತ್ತಾಯ್ತು ಬಿಡು ಜಯರಾಮಣ್ಣ. ನನ್ ಬೆಳೆ ವಿಷ ಅಂತ ಊರೆಲ್ಲಾ ಎಬ್ಸಿದ್ರೆ ಪ್ರೈಜು ನಿಂಗೆ.”

“ಪ್ರೈಜ್ಗಲ್ಲ ಕಣ್ಲಾ.”

“ನಂದು ವಿಷ ಅಂದ್ರೆ ನಿಂದೂ ವಿಷಾನೇ ತಾನೆ? ಮತ್ತೆ ಅದ್ಯಾಕೆ ಇನ್ನೂ ನಿಂತೈತೆ ಅಲ್ಲಿ? ಎಸ್ರು ಯಾಕ್ ವಾಪಸ್ ತಗಂಡಿಲ್ಲ ನೀನು?”

ಆ ಹೊಲವನ್ನು ನಾನು ಸ್ಪರ್ಧೆಗೆಂದೇ ನಿಲ್ಲಿಸಿಕೊಂಡಿದ್ದೆ ಎಂಬುದು ಅವನು ಕೇಳಿದ ಮೇಲೆಯೇ ನನಗೂ ಗೊತ್ತಾದದ್ದು. ಬಾಗಿಲ ಪಕ್ಕದಲ್ಲಿ ಹೊಸ ಕರು ನಿಲ್ಲಲು ಕಲಿಯುತ್ತಿತ್ತು, ಕಾಲು ನಾಲ್ಕು ದಿಕ್ಕಿಗೆ ಜಾರುತ್ತಿತ್ತು. ಅದನ್ನು ದಾಟಿಕೊಂಡು ಹೊರಗೆ ಬಂದೆ.

ಆಗಸ್ಟ್ ೩೦, ಶನಿವಾರ

ಕಾಂತರಾಜನ ಟ್ರಾಕ್ಟರು ಹೇಳಿಸಿದೆ. ರೋಟವೇಟರ್ ಹಾಕಿಕೊಂಡು ಬಾ ಎಂದೆ. ಹೊಲದ ಮುಂದೆ ನಿಂತು ಅವನಿಗೆ ನಂಬಿಕೆ ಬರಲಿಲ್ಲ.

“ಇದ್ನಾ? ನಾಳೆ ಪ್ರೈಜ್ ಬರೋ ಒಲಾನಾ? ಅಣ್ಣಾ, ಮನೇಲಿ ಎಲ್ಲಾ ಸರಿಯಾಗವ್ರಾ?”

“ಓಡ್ಸು.”

ಅವನು ಓಡಿಸಿದ. ಆಳೆತ್ತರದ ಜೋಳ ಮಗ್ಗುಲಾಗಿ ಚೂರಾಗಿ ಮಣ್ಣು ಸೇರತೊಡಗಿತು. ಸದ್ದಿಗೆ ಬೆಳ್ಳಕ್ಕಿಗಳು ಬಂದು ಟ್ರಾಕ್ಟರಿನ ಹಿಂದೆ ಇಳಿದವು. ಎರಡು ಸಾಲು ಕೆದಕಿ ನೋಡಿ, ಏನೂ ಸಿಗದೆ ಎದ್ದು ಹೋದವು. “ಒಂದು ಎರೆಹುಳಾನೂ ಇಲ್ಲ ಕಣಣ್ಣಾ ನಿನ್ ಒಲ್ದಾಗೆ” ಎಂದು ಕಾಂತರಾಜ ಕೂಗಿದ. ಆ ಹಕ್ಕಿಗಳು ಬರಿಹೊಟ್ಟೆಯಲ್ಲಿ ಹೋದದ್ದಕ್ಕೆ ನನಗೆ ಬಹಳ ಅವಮಾನವಾಯಿತು.

ಬದುವಿನ ಮೇಲೆ ಸೀನಪ್ಪ ಓಡಿಬಂದ. ಲುಂಗಿ ಎತ್ತಿ ಕಟ್ಟಿಕೊಂಡಿದ್ದ, ಮುಖಕ್ಕೆ ಸೋಪು ಹಚ್ಚಿದ್ದು ಹಾಗೇ ಇತ್ತು.

“ಉಚ್ಚು ಇಡೀತಾ ನಿಂಗೆ? ನಿಲ್ಸೋ ಕಾಂತರಾಜ!”

ಕಾಂತರಾಜ ನಿಲ್ಲಿಸಿದ. ನಾನು ಮುಂದೆ ನಡೆಸು ಎಂದು ಕೈ ಮಾಡಿದೆ. ಉಳಿದ ಎರಡು ಸಾಲೂ ಹೋದವು. ಸದ್ದು ನಿಂತ ಮೇಲೆ ಸೀನಪ್ಪ ಮೆಲ್ಲಗೆ ಕೇಳಿದ.

“ಆಗಿದ್ರೆ ಫಸ್ಟು ನಂದೇನಾ?”

“ನಿಂದೇ.”

“ನಿಂಗೆ ಬ್ಯಾಡ್ವಾ?”

“ಬ್ಯಾಡ.”

ಅವನು ತನ್ನ ಹೊಲದ ಕಡೆ ನೋಡಿದ, ನನ್ನ ಬೋಳು ಕೆಂಪುನೆಲದ ಕಡೆ ನೋಡಿದ. ಮುಖದ ಸೋಪು ಒಣಗಿ ಬಿರಿಯುತ್ತಿತ್ತು. ಲುಂಗಿ ಇಳಿಬಿಟ್ಟುಕೊಂಡು ಮನೆಗೆ ಹೋದ.

ಆಗಸ್ಟ್ ೩೧, ಭಾನುವಾರ

ಸೀನಪ್ಪನಿಗೆ ಎಂಟನೇ ಹಸಿರಿಗೆ ಮೊದಲ ಬಹುಮಾನ. ಗಣೇಶನ ಪಕ್ಕದಲ್ಲೇ ಶಾಲು ಹೊದಿಸಿದರು. ಕಪ್ ಜೊತೆಗೆ ಗೊಬ್ಬರದಂಗಡಿಯ ವತಿಯಿಂದ ಎರಡು ಮೂಟೆ ಯೂರಿಯಾ. ಮೂಟೆ ಕ್ಯಾಮೆರಾಗೆ ಕಾಣಲಿ ಎಂದು ಅವನನ್ನು ಅದರ ಮೇಲೆಯೇ ಕೂರಿಸಿ ಫೋಟೋ ತೆಗೆದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರೆ, ಕೆಮ್ಮಿ ವಾಪಸು ಕೊಟ್ಟ. ನಾನು ಮುಂದೆಯೇ ಕೂತಿದ್ದೆ. ಚಪ್ಪಾಳೆ ತಟ್ಟಿದೆ.

ಸಂಜೆಯಿಡೀ ಜಗಲಿಯಲ್ಲಿ ಕೂತು ಅವನ ಹೊಲವನ್ನೇ ನೋಡುತ್ತಿದ್ದೆ. ಕುಡುಗೋಲು ಹಿಡಿದು ಯಾರೂ ಬರಲಿಲ್ಲ. ಕತ್ತಲಾಗುವ ಮುಂಚೆ ಸುಮಲತ ತಲೆಯ ಮೇಲೆ ಒಣಹುಲ್ಲಿನ ಹೊರೆ ಹೊತ್ತು ಕೊಟ್ಟಿಗೆಗೆ ಹೋದದ್ದನ್ನು ಕಂಡೆ. ಆಮೇಲೆ ಎದ್ದು ಒಳಗೆ ಬಂದೆ.

ಸೆಪ್ಟೆಂಬರ್ ೧, ಸೋಮವಾರ

ಬೆಳಿಗ್ಗೆ ಮತ್ತೆ ಟ್ರಾಕ್ಟರಿನ ಸದ್ದು. ಎಂಟನೇ ಹಸಿರೂ ಮಣ್ಣಾಯಿತು. ಬಾಲಾಜಿ ‘ಆದರ್ಶ ರೈತ’ ಬೋರ್ಡು ಹೊತ್ತುಕೊಂಡು ಬಂದವನು ಎಲ್ಲಿ ನೆಡಬೇಕೆಂದು ತಿಳಿಯದೆ ಎರಡು ಕೆಂಪುಹೊಲಗಳ ನಡುವೆ ನಿಂತಿದ್ದ. ಸೀನಪ್ಪ, ಎಲ್ಲಾದರೂ ನೆಡು ಹೋಗು ಎಂದು ರೇಗಿದ.

ಮಧ್ಯಾಹ್ನ ಸುಮಲತ ಮುಚ್ಚಿದ ಪಾತ್ರೆ ಹಿಡಿದು ಬಂದಳು. ಗಿಣ್ಣು, ಹೊಸ ಹಾಲಿನದು. ಮೂರು ವರ್ಷದಿಂದ ಆ ಮನೆಯ ಗಿಣ್ಣು ಈ ಮನೆಗೆ ಬಂದಿರಲಿಲ್ಲ. ಅಕ್ಕನ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು.

ರತ್ನ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಗಿಣ್ಣು ತಿನ್ನುವಷ್ಟು ಮನಸ್ಸು ಅವಳಿಗೆ ಎಲ್ಲಿಂದ ಬರಬೇಕು? ತಂದು ನನ್ನ ಮುಂದೆ ಇಟ್ಟಳು. ಎರಡು ತುಂಡು ಮಾಡಿ ಒಂದನ್ನು ನನ್ನ ತಟ್ಟೆಗೆ ಹಾಕಿದಳು. ಆಮೇಲೆ, ಹನ್ನೊಂದು ದಿನಗಳ ಮೇಲೆ, ನನ್ನನ್ನು ನೋಡಿ ಮಾತಾಡಿದಳು.

“ಸುಮಲತನ ಕರ ಎಣ್ಣಂತೆ.”

ಅಷ್ಟು ಹೇಳಿದ್ದೇ ಅವಳಿಗೆ ಅಳು ಬಂತು. ನನಗೂ ಬಂತು. ಇಬ್ಬರೂ ತಟ್ಟೆಯ ಮುಂದೆ ಕೂತು ಅತ್ತೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಮುಖ ತೊಳೆದುಕೊಂಡು ಬಂದು, “ನೋಡ್ಕೊಂಡ್ ಬರಾಣ, ಅಂಗಿ ಆಕ್ಕಳಿ” ಎಂದಳು. ಬಾಗಿಲಲ್ಲಿ ಕಾಯುತ್ತಿದ್ದಾಳೆ.